ಈ ಬಣ್ಣ ನಿಮಗ ಒಪ್ಪಂಗಿಲ್ಲ

ಸವದತ್ತಿಯ ಬಜಾರಿನಲ್ಲಿ ಸೀರೆ ಕೊಳ್ಳುವುದಕ್ಕೆ ಧೈರ್ಯ ಬೇಕಾಗಿದ್ದ ಅಂಗಡಿ ಒಂದೇ ಒಂದು. ಉಳಿದ ಅಂಗಡಿಗಳಲ್ಲಿ ಯಾವ ಸೀರೆಯನ್ನು ಹೆಗಲ ಮೇಲೆ ಹಾಕಿಕೊಂಡರೂ ‘ಭಾರಿ ಕಾಣಸ್ತೈತಿ ನೋಡ್ರಿ’ ಎನ್ನುತ್ತಾರೆ. ಕಾಕಾನ ಅಂಗಡಿಯಲ್ಲಿ ಹಾಗಲ್ಲ. ಸೀರೆ ಹಿಡಿದ ಹೆಂಗಸನ್ನು ಬಾಗಿಲ ಬೆಳಕಿಗೆ ಕರೆದು ನಿಲ್ಲಿಸಿ, ಸೀರೆಯನ್ನು ಬಿಟ್ಟು ಆಕೆಯ ಮುಖವನ್ನು ನೋಡಿ, ಕಾಕಾ ತೀರ್ಪು ಕೊಡುತ್ತಿದ್ದರು.

“ಈ ಬಣ್ಣ ನಿಮಗ ಒಪ್ಪಂಗಿಲ್ಲ.”

ಮುಗಿಯಿತು. ಆಕೆ ತಹಶೀಲ್ದಾರರ ಹೆಂಡತಿಯಾಗಲಿ, ಹೂಲಿಯಿಂದ ಬುತ್ತಿ ಕಟ್ಟಿಕೊಂಡು ಬಂದ ಒಕ್ಕಲಗಿತ್ತಿಯಾಗಲಿ, ಸೀರೆ ಮಡಚಿ ಹಲಗೆ ಸೇರುತ್ತಿತ್ತು. ಒಪ್ಪಿದರೆ ಏನನ್ನುತ್ತಿದ್ದರು ಅಂತೀರಾ? “ನಡೀತೈತಿ.” ಅಷ್ಟೇ. ಅದಕ್ಕಿಂತ ದೊಡ್ಡ ಹೊಗಳಿಕೆ ಅವರ ಬಾಯಿಂದ ಬಂದದ್ದನ್ನು ನಾನು ಕೇಳಿಲ್ಲ. ಆ ಒಂದು ಮಾತಿಗಾಗಿ ಮುನವಳ್ಳಿ, ಯರಗಟ್ಟಿಯಿಂದ ಬಸ್ಸು ಹತ್ತಿ ಬರುತ್ತಿದ್ದ ಹೆಂಗಸರಿದ್ದರು. ಬೈದುಕೊಂಡು ಇಳಿದು ಹೋದವರು ಅದಕ್ಕಿಂತ ಹೆಚ್ಚು. ಬೈದವರೂ ಮಗಳ ಮದುವೆ ಬಂದಾಗ ತಿರುಗಿ ಇಲ್ಲಿಗೇ ಬರುತ್ತಿದ್ದರು.

ಕಾಕಾ ನನಗೇನೂ ಸಂಬಂಧಿಕರಲ್ಲ, ಊರಿಗೆಲ್ಲ ಅವರು ಕಾಕಾ. ನನ್ನ ತವರು ರಾಮದುರ್ಗ. ಸವದತ್ತಿಯ ಪಂಚಾಂಗ ಓದುವ ಮನೆತನಕ್ಕೆ ಸೊಸೆಯಾಗಿ ಬಂದೆ. ಮಾವನವರಿಗೆ ಪೌರೋಹಿತ್ಯ, ಗಂಡನಿಗೆ ನವಿಲುತೀರ್ಥದ ಡ್ಯಾಮಿನಲ್ಲಿ ಕೆಲಸ, ನನಗೆ ಹೊಲಿಗೆಯ ಹುಚ್ಚು. ತವರಿನಿಂದ ತಂದ ಮಷೀನನ್ನು ಇಡೋಣವೆಂದರೆ ನಮ್ಮ ಮನೆಯಲ್ಲಿ ಎಲ್ಲಿ ನೋಡಿದರೂ ಕತ್ತಲೆ. ಅದು ಹೇಗೋ ಕಾಕಾನ ಕಿವಿಗೆ ಬಿದ್ದು, ಅವರೇ ಬಾಗಿಲಿಗೆ ಬಂದರು.

“ನಮ್ಮ ಅಂಗಡಿ ಕಟ್ಟಿ ಖಾಲಿ ಬಿದ್ದೈತಿ. ಬರೇ ನಾಯಿ ಮಲಗತಾವ. ನೀ ಬಂದು ಕುಂದರ ತಂಗಿ.”

ಉಪಕಾರ ಮಾಡುವಾಗಲೂ ಹೀಗೆ. ಮೈಯೆಲ್ಲ ಉರಿದುಹೋಯಿತು. ಆದರೂ ಮರುದಿನವೇ ಮಷೀನು ಹೊರಿಸಿಕೊಂಡು ಹೋಗಿ ಕುಳಿತೆ, ಯಾಕೆಂದರೆ ಬೆಳಕು ಚೆನ್ನಾಗಿತ್ತು. ನಾನು ಹೊಲಿದ ಮೊದಲನೆಯ ಜಂಪರನ್ನು ಕಾಕಾ ಎತ್ತಿ ಹಿಡಿದು ತಿರುವಿ ನೋಡಿದರು. “ಎಡಗೈ ಒಬ್ಬಾಕೀದು, ಬಲಗೈ ಇನ್ನೊಬ್ಬಾಕೀದು. ಇಬ್ಬರಿಗೂ ಕೂಡಿಸಿ ಒಂದ ಹೊಲದೀ ಏನು?” ಎಂದರು. ಅಂದು ಇಡೀ ದಿನ ಅವರೊಂದಿಗೆ ಮಾತಾಡಲಿಲ್ಲ. ಮಾತಾಡದೆ ಎರಡೂ ತೋಳು ಬಿಚ್ಚಿ ಮತ್ತೆ ಹಚ್ಚಿದೆ. ಸಂಜೆ ಅವರು ಅದನ್ನೇ ಮತ್ತೊಮ್ಮೆ ಎತ್ತಿ ನೋಡಿ “ನಡೀತೈತಿ” ಅಂದಾಗ, ನನಗೆ ಹತ್ತನೆಯ ಇಯತ್ತೆ ಪಾಸಾದಾಗಲೂ ಅಷ್ಟು ಸಂತೋಷವಾಗಿರಲಿಲ್ಲ.

ಮುಂದೆ ಅಂಗಡಿ, ಹಿಂದೆ ಮನೆ. ನಡುವೆ ಒಂದು ಬಾಗಿಲು, ಅದಕ್ಕೊಂದು ಪರದೆ. ಪರದೆಯ ಸಂದಿಯಿಂದ ಚಹಾದ ಕಪ್ಪು ಹಿಡಿದ ಒಂದು ಕೈ ಬರುತ್ತಿತ್ತು, ಅದು ಕಾಕಾನ ಹೆಂಡತಿ ಕಾಕುನ ಕೈ. ಕಾಕುಗೆ ಮಾತು ಕಡಿಮೆ. ಇಬ್ಬರ ಪಾಲಿನದನ್ನೂ ಗಂಡನೇ ಆಡಿ ಮುಗಿಸುತ್ತಿದ್ದುದರಿಂದ ಆಕೆಗೆ ಉಳಿಯುತ್ತಲೇ ಇರಲಿಲ್ಲ ಅನಿಸುತ್ತದೆ. ಅಂಗಡಿಗೆ ಬಂದು ನಿಂತದ್ದು ಅಪರೂಪ. ಗಂಡ ಯಾರಿಗಾದರೂ ತೀರಾ ಖಾರವಾಗಿ ಅಂದಾಗ ಮಾತ್ರ ಪರದೆಯ ಹಿಂದೆ ಬಳೆ ಸದ್ದಾಗುತ್ತಿತ್ತು. ಕಾಕಾ ಕೆಮ್ಮಿ, ದನಿ ಇಳಿಸಿ, ಅದೇ ಮಾತನ್ನು ಮತ್ತೆ ಅನ್ನುತ್ತಿದ್ದರು.

ಆ ಮಾವಿನ ಬಣ್ಣದ ಸೀರೆಯ ಕಥೆಯನ್ನು ಹೇಳಲೇಬೇಕು. ನಮ್ಮ ಕಡೆ ಮದುವೆ, ಜವಳ, ಗೃಹಪ್ರವೇಶ ಏನೇ ಬಂದರೂ ಉಡುಗೊರೆಯಾಗಿ ಆಹೇರದ ಸೀರೆ ಬರುತ್ತದೆ. ಬಂದ ಸೀರೆ ಹಿಡಿಸದಿದ್ದರೆ ಅದನ್ನು ಟ್ರಂಕಿನಲ್ಲಿಟ್ಟು, ಮುಂದೆ ಇನ್ನೊಬ್ಬರಿಗೆ ಆಹೇರ ಮಾಡುವುದು ಎಲ್ಲ ಮನೆಗಳ ಪದ್ಧತಿ. ಎಲ್ಲರೂ ಮಾಡುತ್ತಾರೆ, ಯಾರೂ ಒಪ್ಪುವುದಿಲ್ಲ. ನನ್ನ ಮಗನ ಜವಳದಲ್ಲಿ ಬೈಲಹೊಂಗಲದಿಂದ ಬಂದಿದ್ದ ನನ್ನ ಗಂಡನ ಸೋದರತ್ತೆ ನನಗೊಂದು ಮಾವಿನ ಬಣ್ಣದ ಸೀರೆ ಉಡಿಸಿದರು. ಮರುದಿನ ಅದಕ್ಕೆ ಫಾಲ್ ಹಚ್ಚಲು ಕಟ್ಟೆಗೆ ಒಯ್ದೆ. ಬಜಾರು ನೋಡಬೇಕೆಂದು ಸೋದರತ್ತೆಯೂ ಜೊತೆಗೆ ಬಂದು ಅಲ್ಲೇ ಕುಳಿತಿದ್ದರು.

ಕಾಕಾನದೊಂದು ರೂಢಿಯಿತ್ತು. ಆಹೇರಕ್ಕೆಂದು ಒಯ್ಯುವ ಸೀರೆಯ ಸೆರಗಿನ ಮೂಲೆಗೆ ತಾವೇ ಅರಿಶಿನದ ಬೊಟ್ಟು ಹಚ್ಚಿ ಕೊಡುತ್ತಿದ್ದರು. ಕೊಡುವವರೂ ತಮ್ಮ ಮನೆಯಲ್ಲಿ ಮತ್ತೊಂದು ಹಚ್ಚುತ್ತಾರೆ, ಅದು ಬೇರೆ. ನನ್ನ ಮಷೀನಿನ ಮೇಲಿದ್ದ ಸೆರಗನ್ನು ಕಾಕಾ ಬೆರಳಲ್ಲಿ ಎತ್ತಿ, ಕನ್ನಡಕ ಏರಿಸಿ ನೋಡಿ, ಸೀರೆಯನ್ನೇ ಮಾತಾಡಿಸಿದರು.

“ಅಲಲಾ, ನೀ ಎಲ್ಲಿ ಹೋಗಿದ್ದಿ? ನನ್ನ ಕೈಯಾಗಿಂದ ಹೋದಾಕಿ ಊರೆಲ್ಲಾ ಅಡ್ಡಾಡಿ ಬಂದೀ ಅಲಾ! ಮೂಲ್ಯಾಗ ಒಂದರ ಮ್ಯಾಲ ಒಂದು ಎಷ್ಟು ಮನಿ ಅರಿಷಿಣ ಐತಿ ನೋಡು ತಂಗಿ!”

ನಾನು ಕಣ್ಣು ಹೊಡೆದೆ, ಕೈಸನ್ನೆ ಮಾಡಿದೆ, ಪರದೆಯ ಹಿಂದೆ ಬಳೆ ಗಲಗಲ ಅಂದವು. ಕಾಕಾ ನಿಲ್ಲಬೇಕಲ್ಲ. ಸೋದರತ್ತೆಯ ಮುಖ ಕೆಂಪಾಗಿ, ಕೊನೆಗೆ ಅವರೇ ಬಾಯಿಬಿಟ್ಟರು.

“ನನಗೂ ಆಹೇರದಾಗ ಬಂದದ್ದರೀ ಅದು. ಕಿತ್ತೂರಿನ ಬೀಗರು ಕೊಟ್ಟಿದ್ದರು. ನಾ ಏನು ಮಾಡ್ಲಿ?”

ಕಿತ್ತೂರಿನ ಬೀಗರಿಗೆ ಯಾರು ಕೊಟ್ಟಿದ್ದರು? ಆ ಸಂಜೆ ನಮ್ಮ ಮನೆಯಲ್ಲಿ ಕುಳಿತು ಎಲ್ಲರೂ ಮದುವೆ, ಮುಂಜಿವೆಗಳನ್ನು ನೆನೆಸಿಕೊಂಡು ಸೀರೆಯ ಹಿಂದೆ ಹಿಂದೆ ನಡೆದರು. ನಡೆದು ನಡೆದು ಕೊನೆಗೆ ಅದು ನಿಂತದ್ದು ನನ್ನ ಗಂಡನ ತಾಯಿ, ನಮ್ಮ ಅತ್ತೆಯವರ ಮುಂದೆ. ಎಷ್ಟೋ ವರ್ಷದ ಹಿಂದೆ ಕಾಕಾನ ಅಂಗಡಿಯಲ್ಲಿ ಅದನ್ನು ಕೊಂಡು ಮೊದಲು ಆಹೇರ ಮಾಡಿದವರು ಅವರೇ! ಸೋದರತ್ತೆ ನಕ್ಕ ನಗುವಿಗೆ ಪಕ್ಕದ ಮನೆಯವರು ಬಂದು ನೋಡಿದರು. ಎಲ್ಲಿಯಾದರೂ ಒಂದು ಕಡೆ ಅದರ ತಿರುಗಾಟ ನಿಲ್ಲಬೇಕಲ್ಲ ಎಂದು ನಾನೇ ಅದನ್ನು ಉಟ್ಟುಕೊಂಡು ಮರುದಿನ ಕಟ್ಟೆಗೆ ಹೋದೆ. ಕಾಕಾ ಏನಂದರೆಂದು ಬೇರೆ ಹೇಳಬೇಕಾಗಿಲ್ಲ.

ಇಷ್ಟು ಮಂದಿಗೆ ಅಂದ ಮನುಷ್ಯನಿಗೆ ತನಗೊಂದು ಮಾತು ಅಂದರೆ ಸಹಿಸಲು ಆಗುತ್ತಿರಲಿಲ್ಲ, ಇದನ್ನೂ ಬರೆಯಬೇಕು. ಹೊಸ ಕರಿ ಟೊಪ್ಪಿಗೆ ಹಾಕಿಕೊಂಡು ಬಂದ ದಿನ ನಾನು “ಕಾಕಾ, ಇದು ನಿಮಗ ಒಪ್ಪಂಗಿಲ್ಲರೀ” ಅಂದುಬಿಟ್ಟೆ. ಅವರು ಗಾದಿಯ ಮೇಲೆ ಗೋಡೆಗೆ ಮುಖ ಮಾಡಿ ಕುಳಿತರು. ಗಿರಾಕಿ ಬಂದರೂ ತಿರುಗಲಿಲ್ಲ. ಮಧ್ಯಾಹ್ನ ಊಟಕ್ಕೆ ಕರೆದರೂ ಏಳಲಿಲ್ಲ. ಕಡೆಗೆ ಕಾಕು ಪರದೆ ಸರಿಸಿ ಹೊರಗೆ ಬಂದು, ಟೊಪ್ಪಿಗೆ ತೆಗೆದು ಒಳಗೆ ಒಯ್ದು, ಹಳೆಯದನ್ನು ತಂದು ತಲೆಯ ಮೇಲಿಟ್ಟು ಹೋದಳು. ಆಮೇಲೆ ಕಾಕಾ ಎದ್ದು ಊಟಕ್ಕೆ ಹೋದರು. ಹೊಸ ಟೊಪ್ಪಿಗೆಯನ್ನು ನಾವ್ಯಾರೂ ಮತ್ತೆ ನೋಡಲಿಲ್ಲ.

ಈಗ ಬರುವುದು, ನಾನು ಈ ಬರಹಕ್ಕೆ ಕುಳಿತ ಕಾರಣ.

ಎಲ್ಲಮ್ಮನ ಗುಡ್ಡಕ್ಕೆ ಜನ ಬರುವ ದಿನಗಳಲ್ಲಿ ಅಂಗಡಿಗೆ ಎರಡು ಪಟ್ಟು ಗಿರಾಕಿ. ಉಗರಗೋಳದ ದಾರಿಯಲ್ಲಿ ಎಷ್ಟು ಅಂಗಡಿಗಳಿದ್ದರೂ, ಎಲ್ಲಮ್ಮನಿಗೆ ಉಡಿ ತುಂಬಲು ಹಸಿರು ಸೀರೆ, ಖಣ ಇಲ್ಲಿಂದಲೇ ಒಯ್ಯುವವರು ಬಹಳ. ಅಂಥ ಒಂದು ದಿನ ಅತ್ತೆ, ಸೊಸೆ ಇಬ್ಬರು ಬಂದರು. ಅತ್ತೆ ದೇವಿಗೆಂದು ಒಳ್ಳೆಯ ಹಸಿರು ಸೀರೆ ಆರಿಸಿದಳು. ಆಮೇಲೆ ಸೊಸೆಗೆಂದು ಒಂದು ಬೂದಿ ಬಣ್ಣದ ಸೀರೆಗೆ ಕೈ ಹಾಕಿದಳು. ಸೊಸೆಯ ಬರಿಗೈ, ಬರಿ ಹಣೆ ನೋಡಿ ನಮಗೆ ತಿಳಿಯಿತು. ಹುಡುಗಿ ತೀರಾ ಎಳೆಯಳು. ಅವಳು ಸೀರೆಯ ಕಡೆ ನೋಡುತ್ತಲೂ ಇರಲಿಲ್ಲ.

ಕಾಕಾ ಅವಳನ್ನು ಬಾಗಿಲ ಬೆಳಕಿಗೆ ಕರೆದರು. “ಈ ಬಣ್ಣ ನಿನಗ ಒಪ್ಪಂಗಿಲ್ಲವಾ” ಅಂದರು. ಅತ್ತೆಗೆ ಸಿಟ್ಟು ಬಂತು. “ಒಪ್ಪೂದು ಬಿಡೂದು ಕಟಗೊಂಡು ಏನು ಮಾಡಾಕಿ ಅದಾಳರೀ ಆಕಿ?” ಎಂದಳು. ಕಾಕಾ ದನಿ ಏರಿಸಲಿಲ್ಲ. “ಯವ್ವಾ, ಗುಡ್ಡದ ತಾಯಿಗೇ ಒಂದು ಹುಣ್ಣಿವಿಗೆ ಬಳಿ ಒಡೀತಾರ, ಮುಂದ ಇನ್ನೊಂದು ಹುಣ್ಣಿವಿಗೆ ತಿರುಗಿ ಹಾಕ್ತಾರ. ಆಕೀಗೆ ಹಸರು ಸೀರಿ ಒಯ್ಯಾಕತ್ತೀದಿ. ಇಕಿ ಏನು ತಪ್ಪು ಮಾಡ್ಯಾಳ?” ಅಂದರು. ಆಕೆ ದೇವಿಯ ಸೀರೆಯನ್ನೂ ಅಲ್ಲೇ ಬಿಟ್ಟು, ಸೊಸೆಯ ಕೈ ಹಿಡಿದು ಇಳಿದು ಹೋದಳು. ಹುಡುಗಿ ಮಾತ್ರ ತಿರುಗಿ ಒಮ್ಮೆ ನೋಡಿದಳು.

ಕಾಕಾ ಬಿಚ್ಚಿದ್ದ ಸೀರೆಗಳನ್ನು ಮಡಚಿಟ್ಟರು. ಆಮೇಲೆ ನನ್ನ ಕಟ್ಟೆಗೆ ಬಂದು ಕುಳಿತರು.

“ನಾ ಹೋದ ಮ್ಯಾಲೆ ನಮ್ಮಾಕಿ ಮುಂದೂ ಇಂಥಾ ಸೀರಿನ ತಂದು ಗುಡ್ಡಿ ಹಾಕ್ತಾರ ತಂಗಿ. ಆಕಿ ಬಾಯಿ ಇಲ್ಲದಾಕಿ. ಯಾವುದು ಕೊಟ್ಟರ ಅದನ್ನ ಉಟಗೋತಾಳ. ಅವತ್ತ ನಾ ಹೇಳಾಕ ಇರಂಗಿಲ್ಲ. ನೀ ಹೇಳಬೇಕು.”

“ಬಿಡ್ತು ಅನ್ರಿ ಕಾಕಾ. ನಾ ಯಾಕ ಹೇಳ್ಲಿ? ನಿಮ್ಮ ಮಗಾ ಇಲ್ಲೇನು?”

“ಅಂವ ಅಂಜುಬುರಕ. ನೀ ಬಾಯಿ ಮಾಡಾಕಿ. ಸತ್ತಾಂವ ನಾನು, ಬಣ್ಣ ಹೋಗಬೇಕಾದ್ದು ನಂದು. ಆಕೀದ್ಯಾಕ?”

ಹೂಂ ಅನ್ನುವವರೆಗೂ ಏಳಲಿಲ್ಲ. ನಾನು ಹೂಂ ಅಂದೆ. ಅಂದು, ಮರೆತೂ ಬಿಟ್ಟೆ. ಕಾಕಾ ಸಾಯುತ್ತಾರೆಂದು ಯಾರು ಅಂದುಕೊಂಡಿದ್ದರು?

ಹೋದ ವರ್ಷ ಕಾಕಾ ಹೋದರು. ಮಧ್ಯಾಹ್ನ ರೊಟ್ಟಿ ಉಂಡು, “ಪಲ್ಲ್ಯಾಕ ಉಪ್ಪು ಕಡಿಮಿ ಆಗೈತಿ” ಎಂದು ಕಾಕುಗೆ ಹೇಳಿ, ಗಾದಿಯ ಮೇಲೆ ಒರಗಿದವರು ಏಳಲಿಲ್ಲ. ನಾನು ಅಳುತ್ತ ಒಳಗೆ ಹೋದರೆ ಕಾಕು ನನ್ನ ಕೈ ಹಿಡಿದು ಹೇಳಿದ್ದು ಇಷ್ಟೇ: “ಖರೇನ ಕಡಿಮಿ ಆಗಿತ್ತವಾ. ಆಮ್ಯಾಲೆ ನಾನೂ ರುಚಿ ನೋಡಿದೆ.” ಅಳುವಿನ ನಡುವೆ ನನಗೆ ನಗು ಬಂತು. ಆಕೆಗೂ ಬಂತೆಂದು ಕಾಣುತ್ತದೆ, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಬಜಾರು ಅಂದು ಇಡೀ ದಿನ ಬಾಗಿಲು ತೆರೆಯಲಿಲ್ಲ. ಮಣ್ಣಿಗೆ ಬಂದ ಹೆಂಗಸರಲ್ಲಿ ಅರ್ಧದಷ್ಟು ಮಂದಿ ಕಾಕಾ ‘ನಡೀತೈತಿ’ ಅಂದಿದ್ದ ಸೀರೆಗಳನ್ನೇ ಉಟ್ಟು ಬಂದಿದ್ದರು. ಯಾರೂ ಮಾತಾಡಿಕೊಂಡು ಬಂದದ್ದಲ್ಲ. ನಾನು ಹೊಲಿದ ಜಂಪರುಗಳಲ್ಲವೇ, ನನಗೆ ಗುರುತು ಸಿಗದಿರುತ್ತದೆಯೇ?

ನನ್ನ ನಿದ್ದೆ ಕೆಡಿಸಿದ್ದು ಗಣಾರಾಧನೆ, ಸತ್ತವರ ಹೆಸರಲ್ಲಿ ಊಟ ಹಾಕುವ ದಿನ. ಅಂದು ಊಟ ಮುಗಿದ ಮೇಲೆ ತವರಿನವರು, ಬೀಗರು ತಂದ ಸೀರೆಗಳನ್ನು ಗಂಡನನ್ನು ಕಳೆದುಕೊಂಡಾಕೆಯ ಮುಂದೆ ಇಡುತ್ತಾರೆ. ಅದರಲ್ಲಿ ಒಂದನ್ನು ಮನೆಯ ಹಿರಿಯ ಹೆಂಗಸು ಎತ್ತಿ ಉಡಿಸಬೇಕು. ಅಂದು ಯಾವ ಬಣ್ಣ ಉಟ್ಟಳೋ ಮುಂದೆಯೂ ಅಂಥದ್ದೇ ಎಂದು ಎಲ್ಲರೂ ತಿಳಿಯುತ್ತಾರೆ. ಹಿರಿಯಾಕೆ ಎಂದರೆ ಕಾಕಾನ ಅಕ್ಕ, ಊರಿಗೆಲ್ಲ ಅಕ್ಕಾರು. ತಮ್ಮನಷ್ಟೇ ಬಾಯಿ, ತಮ್ಮನಿಗಿಂತ ಹೆಚ್ಚು ವಯಸ್ಸು. ಅವರನ್ನು ಕೊಟ್ಟ ಊರು ಹೂಲಿ, ಅಲ್ಲಿ ಅವರು ಹಾಕಿದ ಗೆರೆಯನ್ನು ಯಾರೂ ದಾಟುವುದಿಲ್ಲ. ಅವರೂ ಗಂಡನನ್ನು ಕಳೆದುಕೊಂಡವರೇ. ಅಂದಿನಿಂದ ಅವರು ಬಿಳಿ ಬಿಟ್ಟು ಬೇರೆ ಉಟ್ಟದ್ದನ್ನು ನಾನಂತೂ ನೋಡಿಲ್ಲ.

ನಾನು ಆ ಮನೆಯವಳಲ್ಲ, ಅವರ ಜಾತಿಯವಳೂ ಅಲ್ಲ. ಕಟ್ಟೆಯ ಮೇಲಿನ ಹೊಲಿಗೆಯವಳು. ಗಂಡ “ನಿನಗ್ಯಾಕ ಬೇಕು ಮಂದಿ ಮನಿ ಮಾತು? ಸುಮ್ಮನ ಉಂಡು ಬಾ” ಅಂದ. ಅದೂ ಸರಿಯೇ ಅನಿಸಿತು. ಆದರೆ ಹೂಂ ಅಂದವಳು ನಾನು, ಅವನಲ್ಲ. ಹಿಂದಿನ ದಿನ ಕಾಕಾನ ಮಗನಿಂದ ಅಂಗಡಿ ತೆಗೆಸಿ, ಕೆಂಪು ಅಂಚಿನ ಬದನೆಕಾಯಿ ಬಣ್ಣದ ಇಳಕಲ್ ಸೀರೆಯೊಂದನ್ನು ತೆಗೆದುಕೊಂಡೆ. ಮಗನಿಗೆ ಯಾಕೆಂದು ಹೇಳಿದಾಗ ಅವನ ಮುಖ ಬಿಳಚಿಕೊಂಡಿತು. “ಅತ್ಯಾ ನನ್ನ ಕೊಲ್ಲತಾಳರೀ” ಅಂದ. ಅವನ ಬಗ್ಗೆ ಕಾಕಾ ಹೇಳಿದ್ದು ಸುಳ್ಳಲ್ಲ.

ಊಟವಾಯಿತು. ಕಾಕುವನ್ನು ನಡುಮನೆಯಲ್ಲಿ ಕೂಡಿಸಿದರು. ಒಬ್ಬೊಬ್ಬರೇ ಸೀರೆ ತಂದಿಟ್ಟರು. ಬೂದಿ, ಬಿಳಿ, ತೊಳೆದು ಬಣ್ಣ ಹೋದಂಥ ನೀಲಿ, ಮತ್ತೆ ಬೂದಿ. ಕಾಕಾ ಹೇಳಿದಂತೆ ಗುಡ್ಡೆಯೇ ಆಯಿತು. ಕಾಕು ಕತ್ತು ತಗ್ಗಿಸಿ ಕುಳಿತಿದ್ದಳು. ಅಕ್ಕಾರು ತಾವು ತಂದಿದ್ದ ಬೂದಿ ಬಣ್ಣದ ಸೀರೆಯನ್ನೇ ಮೇಲೆತ್ತಿ ಬಿಚ್ಚಿದರು. ನನ್ನ ನಾಲಿಗೆ ಒಣಗಿಹೋಯಿತು. ಬಾಯಿ ಮಾಡಾಕಿ ಅಂತೆ! ಎದ್ದು ನಿಂತೆ. ಏನು ಹೇಳಬೇಕೆಂದು ಮನೆಯಲ್ಲಿ ಅಂದುಕೊಂಡು ಬಂದದ್ದೆಲ್ಲ ಮರೆತುಹೋಗಿ, ವರ್ಷಗಟ್ಟಲೆ ಕೇಳಿದ ಮಾತೊಂದೇ ಬಾಯಿಗೆ ಬಂತು.

“ಈ ಬಣ್ಣ ಕಾಕುಗ ಒಪ್ಪಂಗಿಲ್ಲರೀ.”

ಮಗ ಹಿತ್ತಲ ಬಾಗಿಲಿನಿಂದ ಹೊರಗೆ ಹೋದದ್ದು ಕಂಡಿತು. ಅಕ್ಕಾರು ಸೀರೆ ಹಿಡಿದುಕೊಂಡೇ ನನ್ನ ಕಡೆ ತಿರುಗಿದರು.

“ಏ ಟೇಲರ್ ಹುಡುಗಿ, ಯಾರ ಮಾತದು?”

ನನ್ನ ತಲೆಯೆಲ್ಲ ನರೆತಿದೆ, ಅವರಿಗೆ ಇನ್ನೂ ಹುಡುಗಿ. “ಕಾಕಾನ ಮಾತ್ರೀ ಅಕ್ಕಾರ. ನಾ ಹೇಳಬೇಕಂತ ನನ್ನ ಕಡೆಯಿಂದ ಹೂಂ ಅನಿಸಿಕೊಂಡಿದ್ದರು” ಎಂದೆ. ಅವತ್ತು ಕಟ್ಟೆಯ ಮೇಲೆ ಕುಳಿತು ಅಂದದ್ದನ್ನೂ ಹೇಳಿದೆ: ಸತ್ತಾಂವ ನಾನು, ಬಣ್ಣ ಹೋಗಬೇಕಾದ್ದು ನಂದು. ಚೀಲದಿಂದ ಬದನೆಕಾಯಿ ಬಣ್ಣದ ಸೀರೆ ತೆಗೆದು ಗುಡ್ಡೆಯ ಮೇಲಿಟ್ಟೆ.

ಅಕ್ಕಾರು ಬೂದಿ ಸೀರೆಯನ್ನು ಮಡಿಲಲ್ಲಿ ಇಟ್ಟುಕೊಂಡು ಕುಳಿತರು.

“ನಮ್ಮ ಮನಿಯವರು ಹೋದಾಗ ತಮ್ಮ ನನಗೂ ಇದನ್ನ ಅಂದಿದ್ದ. ಮಂದಿ ಮುಂದ ಮರ್ಯಾದಿ ಕಳೀತೀ ಅಂತ ನಾನ ಬಡದು ಸುಮ್ಮನ ಕುಂಡ್ರಿಸಿದ್ದೆ” ಎಂದು ತಮ್ಮ ಬಿಳಿ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಆಮೇಲೆ ಕಾಕುನ ಕಡೆ ತಿರುಗಿ, ಎಂದಿನ ಜೋರು ದನಿಯಲ್ಲೇ ಕೇಳಿದರು. “ಏನ ನೀ? ಬಾಯಿ ಬಿಡು. ಈ ಹುಡುಗಿ ತಂದದ್ದು ಉಡತೀ ಏನು?”

ಕಾಕು ತಲೆ ಎತ್ತಿದಳು. ನಾನು ತಂದ ಸೀರೆಯ ಸೆರಗನ್ನು ಬೆರಳಲ್ಲಿ ಹಿಡಿದು, ಕಿಟಕಿಯ ಬೆಳಕಿಗೆ ಸರಿಸಿ ನೋಡಿದಳು. ನೋಡಿ, ಮಡಚಿ, ನನ್ನ ಕೈಗೇ ಇಟ್ಟಳು.

“ಇದೂ ಒಪ್ಪಂಗಿಲ್ಲ ತಂಗಿ. ಅಂಗಡ್ಯಾಗ ಮ್ಯಾಲಿನ ಹಲಗಿ ಮ್ಯಾಲೆ, ಬಲಕ್ಕ, ಒಂದು ಗಿಣಿ ಹಸರದ್ದೈತಿ. ಪರದೆ ಸಂದ್ಯಾಗಿಂದ ಭಾಳ ದಿನದಿಂದ ನೋಡೇನಿ. ಅದನ್ನ ತೊಗೊಂಡು ಬಾ.”

ಮೊದಲು ನಕ್ಕವರು ಅಕ್ಕಾರು. ಆಮೇಲೆ ಇಡೀ ನಡುಮನೆ ನಕ್ಕಿತು. ಗಣಾರಾಧನೆಯ ಮನೆಯಲ್ಲಿ ಅಂಥ ನಗು ಕೇಳಿ, ಹೊರಗೆ ಚಪ್ಪರದಲ್ಲಿ ಎಲೆಯಡಿಕೆ ಹಾಕುತ್ತಿದ್ದ ಗಂಡಸರು ಒಳಗೆ ಇಣುಕಿದರು. ನಾನು ಪರದೆ ಸರಿಸಿಕೊಂಡು ಅಂಗಡಿಗೆ ಓಡಿದೆ. ಮೇಲಿನ ಹಲಗೆ, ಬಲಕ್ಕೆ. ಸೀರೆ ಅಲ್ಲೇ ಇತ್ತು. ಖಾಲಿ ಗಾದಿಯನ್ನು ನೋಡಿ ಒಂದು ಕ್ಷಣ ಅಳು ಬಂತು. ಅತ್ತುಬಿಟ್ಟೆ. ಆಮೇಲೆ ಒಳಗೆ ಒಯ್ದೆ.

ಅಕ್ಕಾರು ಸೀರೆಯನ್ನು ಇಸಕೊಂಡು, “ಅರಿಷಿಣದ ಬಟ್ಟಲು ತರ್ರಿ” ಎಂದರು. ಒಬ್ಬಾಕೆ ಹಿಂದುಮುಂದು ನೋಡಿದಳು. “ತರ್ರಿ ಅಂದ್ನೆಲ್ಲಾ?” ಎಂದು ಗದರಿದರು. ಸೆರಗಿನ ಮೂಲೆಗೆ, ಕಾಕಾ ಹಚ್ಚುತ್ತಿದ್ದ ಜಾಗದಲ್ಲೇ, ಬೊಟ್ಟು ಹಚ್ಚಿದರು. ಒಳಗಿನ ಕೋಣೆಗೆ ಒಯ್ದು ತಾವೇ ನಿಂತು ಉಡಿಸಿದರು. ಹೊರಗೆ ಕರೆತಂದು ಬಾಗಿಲ ಬೆಳಕಿಗೆ ನಿಲ್ಲಿಸಿದರು. ಸೀರೆಯನ್ನು ನೋಡಲಿಲ್ಲ, ಕಾಕುನ ಮುಖವನ್ನು ನೋಡಿದರು.

“ನಡೀತೈತಿ” ಅಂದರು.